ರಾಣಿ ಜೇನಿನ ಪಾರ್ಸೆಲ್

ಅಕ್ಕ ಜೇನು ಸಾಕುತ್ತಿದ್ದಳು, ತಂಗಿ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದಳು. ಅವರು ಮಾರುತ್ತಿದ್ದುದು ಜೇನುತುಪ್ಪವನ್ನಲ್ಲ, ರಾಣಿ ಜೇನುಗಳನ್ನು. ಬೆಂಕಿಪೊಟ್ಟಣದಷ್ಟೇ ಇರುವ ಜಾಲರಿ ಡಬ್ಬಿಯಲ್ಲಿ ಒಂದು ರಾಣಿ, ಅವಳ ಸೇವೆಗೆ ನಾಲ್ಕಾರು ಕೆಲಸಗಾರ ಜೇನು, ಮೂಲೆಯಲ್ಲಿ ಅವುಗಳ ಊಟಕ್ಕೆ ಸಕ್ಕರೆಯ ಮುದ್ದೆ. ಹಾಗೆ ಕಟ್ಟಿ ಊರೂರಿಗೆ ಕಳಿಸುತ್ತಿದ್ದರು.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಫೋನು ಮಾಡಿದರು. ಅವರ ಗೂಡಿನ ರಾಣಿ ಸತ್ತುಹೋಗಿದ್ದಳು, ಅವಳಿಲ್ಲದೆ ಜೇನುಗಳೆಲ್ಲ ಕಂಗೆಟ್ಟಿದ್ದವು.

"ಗ್ಯಾರಂಟಿ ಪಾರ್ಸೆಲ್ಲಿಗೆ ದುಡ್ಡು ಜಾಸ್ತಿ, ಆದ್ರೆ ನಾಳೆನೇ ಕೈಸೇರುತ್ತೆ ಮೇಷ್ಟ್ರೇ. ಸಾದಾ ಪಾರ್ಸೆಲ್ ಅಂದ್ರೆ ಇಂಥ ದಿನ ಅಂತ ಹೇಳಕ್ಕಾಗಲ್ಲ," ಎಂದಳು ತಂಗಿ.

"ಆ ದುಡ್ಡಿಗೆ ಇನ್ನೊಬ್ಬಳು ರಾಣಿನೇ ಬರ್ತಾಳಲ್ಲಮ್ಮ! ಸಾದಾದ್ರಲ್ಲೇ ಕಳಿಸು. ಹುಳ ತಾನೆ, ಸುಧಾರಿಸಿಕೊಳ್ಳುತ್ತೆ."

ಅಕ್ಕನಿಗೆ ಮನಸ್ಸಿರಲಿಲ್ಲ. "ಗಿರಾಕಿನೇ ಹೇಳಿದ್ಮೇಲೆ ನಮ್ದೇನಕ್ಕ?" ಎಂದು ತಂಗಿ ಸಾದಾ ಪಾರ್ಸೆಲ್ಲಿನ ಚೀಟಿ ಅಂಟಿಸಿದಳು.

ವಾರ ಕಳೆದರೂ ಅದು ಮೇಷ್ಟ್ರನ್ನು ತಲುಪಲಿಲ್ಲ. ವಿಚಾರಿಸಿದರೆ, ಊರಾಚೆಯ ಗೋದಾಮನ್ನೇ ದಾಟಿರಲಿಲ್ಲ. ಸಾದಾ ಪಾರ್ಸೆಲ್ಲುಗಳು ಲಾರಿ ತುಂಬುವ ತನಕ ಕಾಯಬೇಕಂತೆ, ಲಾರಿ ತುಂಬಿರಲಿಲ್ಲ.

ಅಕ್ಕತಂಗಿಯರು ಎದ್ದೆನೋ ಬಿದ್ದೆನೋ ಎಂದು ಓಡಿದರು. ಗೋದಾಮಿನ ಗುಮಾಸ್ತ ಮೂಟೆಗಳ ಸಂದಿಯಿಂದ ಪಾರ್ಸೆಲ್ ಹುಡುಕಿ ತೆಗೆದ. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಾಗದ ಬಿಡಿಸಿದಳು. ಸಕ್ಕರೆ ಮುದ್ದೆಯ ಜಾಗ ಬರಿದಾಗಿತ್ತು. ಕೆಲಸಗಾರ ಜೇನುಗಳು ರಾಣಿಯ ಸುತ್ತಲೂ, ಅವಳತ್ತ ಮುಖಮಾಡಿಕೊಂಡೇ ಸತ್ತು ಬಿದ್ದಿದ್ದವು.

"ಅಯ್ಯೋ, ಎಲ್ಲಾ ಹೋದ್ವಲ್ಲಕ್ಕ."

"ಶ್! ಇಲ್ಲಿ ನೋಡೇ."

ಒಂದೇ ಒಂದು ಉಳಿದಿತ್ತು. ರೆಕ್ಕೆ ಜೋತುಬಿದ್ದಿತ್ತು, ಕಾಲು ನಡುಗುತ್ತಿತ್ತು. ಆದರೂ ಅದು ನಾಲಿಗೆ ಚಾಚಿ, ತನ್ನ ಹೊಟ್ಟೆಯಲ್ಲಿ ಉಳಿದ ಹನಿಯನ್ನು ರಾಣಿಯ ಬಾಯಿಗೆ ಉಣಿಸುತ್ತಿತ್ತು. ರಾಣಿ ಮಿರಮಿರ ಮಿಂಚುತ್ತಿದ್ದಳು.

"ಉಳಿದವು ಹಸಿದೇ ಸತ್ವಾ?" ಎಂದಳು ತಂಗಿ.

"ತಿಂದಿದ್ದನ್ನೂ ಅವಳಿಗೇ ಕೊಟ್ಟಿವೆ ಕಣೇ."

ಗುಮಾಸ್ತನ ಮೇಜಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಅತ್ತ ತಿರುಗಲಿಲ್ಲ. ಮೂವರೂ ತಲೆಗೆ ತಲೆ ತಾಗಿಸಿ, ಉಸಿರು ಬಿಗಿಹಿಡಿದು ನೋಡುತ್ತ ನಿಂತರು.

ಮನೆಗೆ ತಂದು ಅಕ್ಕ ಹೊಸ ಮುದ್ದೆ ಇಟ್ಟಳು, ಬೇರೆ ಜೇನುಗಳನ್ನು ಜೊತೆಗೆ ಬಿಟ್ಟಳು. ಅವು ಮೊದಲು ತಿನ್ನಿಸಿದ್ದು ಆ ಬಳಲಿದ ಜೇನಿಗೆ. "ಅದನ್ನ ತೆಗೀಲಾ?" ಎಂದು ತಂಗಿ ಕೇಳಿದಾಗ ಅಕ್ಕ, "ಬೇಡ. ಇಷ್ಟು ಮಾಡಿದ್ದು ಅದು, ಜೊತೆಗೇ ಹೋಗ್ಲಿ," ಎಂದಳು.

ಈ ಸಲ ತಂಗಿ ಯಾರನ್ನೂ ಕೇಳದೆ ಗ್ಯಾರಂಟಿ ಪಾರ್ಸೆಲ್ ಮಾಡಿಸಿದಳು. ತಮ್ಮ ಆನ್‌ಲೈನ್ ಮಳಿಗೆಯ ಪುಟದಿಂದ ಸಾದಾ ಪಾರ್ಸೆಲ್ಲಿನ ಸಾಲನ್ನೇ ಅಳಿಸಿದಳು.

ಮಾರನೆಯ ದಿನವೇ ಮೇಷ್ಟ್ರ ಫೋನು ಬಂತು. ನಡೆದದ್ದನ್ನು ತಂಗಿ ಆಗಲೇ ತಿಳಿಸಿದ್ದಳು.

"ಡಬ್ಬಿನ ಗೂಡಿನ ಮೇಲಿಟ್ಟೆನಮ್ಮ. ಎಲ್ಲೆಲ್ಲಿದ್ವೋ, ಸಾವಿರಾರು ಹುಳ ಬಂದು ಮುತ್ಕೊಂಡ್ವು. ಆಮೇಲೆ ಒಂದೇ ಸಲ ಎಲ್ಲಾ ಶಾಂತ ಆಗೋದ್ವು. ನಾನು ಅಲ್ಲೇ ಕೂತ್ಬಿಟ್ಟೆ." ಎಂದವರು ಕೊನೆಗೆ ಹೇಳಿದರು, "ಹುಳ ಅಂದ್ಬಿಟ್ಟಿದ್ನಲ್ಲಮ್ಮ ನಾನು."

ತಂಗಿ ಫೋನನ್ನು ಅಕ್ಕನ ಕಿವಿಗೆ ಹಿಡಿದಳು.