ಎರಡನೆಯ ಸಾಲು

ಡರ್ಮಟ್ ಕ್ವೇಲ್‌ಗೆ ರೇಷ್ಮೆ, ಅಂದರೆ ಹಿರಿಯ ವಕೀಲರ ರೇಷ್ಮೆ ಗೌನಿನ ಪದವಿ, ಸಿಕ್ಕಿತೆಂಬ ಸುದ್ದಿ ಹೆಸ್ಟರ್ ಪ್ಯಾಸ್ಕೋಳನ್ನು ಮುಟ್ಟಿದ್ದು ಚೇಂಬರಿನ ಮೆಟ್ಟಿಲ ಮೇಲೆ. ಅವಳ ಎರಡೂ ಕೈಯಲ್ಲಿ ಕಡತಗಳ ಹೊರೆಯಿತ್ತು. ಹಿರಿಯ ಗುಮಾಸ್ತ ಗ್ಯಾಮನ್ ಮೇಲಿನಿಂದ ಹೆಚ್ಚುಕಡಿಮೆ ಕುಣಿಯುತ್ತಲೇ ಇಳಿದು ಬಂದ.

"ಕೇಳಿದ್ರಾ ಮಿಸ್? ನಮ್ಮ ಮಿಸ್ಟರ್ ಕ್ವೇಲ್‌ಗೆ ರೇಷ್ಮೆ ಬಂತು! ನೀವೇ ತಾನೇ ಕೈ ಹಿಡಿದು ನಡೆಸಿದ್ದು? ಹೆತ್ತ ತಾಯಿಗಾದಷ್ಟು ಖುಷಿ ಆಗಿರ್ಬೇಕು."

"ಆಗದೆ ಇರುತ್ತಾ," ಎಂದಳು ಹೆಸ್ಟರ್. ಮೇಲಿನ ಕಡತ ಜಾರಿ ಬಿತ್ತು. ಗ್ಯಾಮನ್ ಎತ್ತಿಕೊಡುವ ಮೊದಲೇ ತಾನೇ ಬಗ್ಗಿ ಎತ್ತಿಕೊಂಡಳು. ಆ ಹೊತ್ತಿನಲ್ಲಿ ಮುಖ ಮರೆಮಾಡಿಕೊಳ್ಳಲು ಬಗ್ಗುವುದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ಲಂಡನ್ನಿನಲ್ಲಿ ಟೆಂಪಲ್ ಎಂಬ ವಕೀಲರ ಬಡಾವಣೆಯ ಆ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ನಲವತ್ತು ಜನ ಬ್ಯಾರಿಸ್ಟರರು ಕೂರುತ್ತಿದ್ದರು. ಎಲ್ಲರದೂ ಒಂದೇ ಬಗೆಯ ಕೆಲಸ: ಮುರಿದ ಮೈಗಳ ಕೆಲಸ. ಲಾರಿಗೆ ಸಿಕ್ಕವರು, ಏಣಿಯಿಂದ ಬಿದ್ದವರು, ವೈದ್ಯರ ಕೈತಪ್ಪಿನಿಂದ ಮಾತು ಕಳೆದುಕೊಂಡವರು. ಅಂಥ ಮೊಕದ್ದಮೆಗಳಿಗೆ ದೇಶದಲ್ಲೇ ಮುಂಚೂಣಿಯ ಚೇಂಬರು ಎಂದು ವಕೀಲರನ್ನು ತೂಗಿನೋಡಿ ವರ್ಷಾವರ್ಷ ಬರುವ ದಪ್ಪ ಪುಸ್ತಕ ಅದನ್ನು ಹೊಗಳುತ್ತಿತ್ತು. ಆ ಪುಸ್ತಕದಲ್ಲಿ ಹೆಸ್ಟರಳ ಹೆಸರೂ ಬರುತ್ತಿತ್ತು, 'ನಂಬಿಕಸ್ತೆ' ಎಂಬ ವಿಶೇಷಣದೊಂದಿಗೆ. ಡರ್ಮಟ್‌ಗೆ 'ಅಪ್ರತಿಮ' ಎಂದಿತ್ತು. ನಂಬಿಕಸ್ತೆ ಎನ್ನುವುದು ನಾಯಿಗೂ ಹೇಳುವ ಮಾತಲ್ಲವೇ ಎಂದು ಅವಳಿಗೆ ಪ್ರತಿ ವರ್ಷ ಅನ್ನಿಸುತ್ತಿತ್ತು.

ಕಿಂಗ್ಸ್ ಕೌನ್ಸೆಲ್ ಪದವಿ ಸಿಕ್ಕವರು ಸಾದಾ ಗೌನು ಕಳಚಿ ರೇಷ್ಮೆಯದನ್ನು ತೊಡುತ್ತಾರೆ, ಕೋರ್ಟಿನಲ್ಲಿ ಮೊದಲ ಸಾಲಿಗೆ ಬರುತ್ತಾರೆ. ಸಿಗದವರು ತಲೆ ನರೆತರೂ ಜೂನಿಯರೇ, ಕೂರುವುದು ಎರಡನೆಯ ಸಾಲಿನಲ್ಲೇ. ಹೆಸ್ಟರ್ ಎರಡು ಸಲ ಅರ್ಜಿ ಹಾಕಿದ್ದಳು. ಎರಡು ಸಲವೂ ಸಭ್ಯವಾದ ನಿರಾಕರಣೆ ಬಂದಿತ್ತು. ಡರ್ಮಟ್ ಮೊದಲ ಸಲಕ್ಕೇ ಗೆದ್ದ. ಅದೇ ಡರ್ಮಟ್, ಮ್ಯಾನ್ ದ್ವೀಪದಿಂದ ಬಂದವನು, ಅವಳ ಕೋಣೆಯ ಮೂಲೆಯಲ್ಲಿ ಶಿಷ್ಯನಾಗಿ ಕೂತು ಬಿಳಿ ಕೊರಳಪಟ್ಟಿ ಕಟ್ಟಿಕೊಳ್ಳಲು ಬಾರದೆ ಕನ್ನಡಿಯ ಮುಂದೆ ಒದ್ದಾಡುತ್ತಿದ್ದವನು. ಗಾಲಿಕುರ್ಚಿಯವರ ಜೊತೆ ಮಾತಾಡುವ ಮೊದಲು ನೀನೂ ಕೂತುಕೋ, ನಿಂತು ಮಾತಾಡಿದರೆ ಅವರ ಕತ್ತು ನೋಯುತ್ತದೆ ಎಂದು ಹೇಳಿಕೊಟ್ಟವಳು ಇವಳು. ಕಳೆದ ವರ್ಷದ ಪುಸ್ತಕದಲ್ಲಿ ಯಾರೋ ಕಕ್ಷಿದಾರರು ಡರ್ಮಟ್ ಬಗ್ಗೆ ಹೇಳಿದ್ದರು: ಮಾತಿಗೆ ಮುಂಚೆ ನಮ್ಮೆದುರು ಕೂರುವ ಏಕೈಕ ವಕೀಲ.

ಅದನ್ನು ಓದಿದ ದಿನ ಹೆಸ್ಟರ್ ಮಧ್ಯಾಹ್ನದ ಊಟ ಬಿಟ್ಟಿದ್ದಳು.

ಇಷ್ಟರಲ್ಲೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಬೇಸಿಗೆಯ ಹೊತ್ತಿಗೆ, ತಾನೇ ನಡೆಸುತ್ತಿದ್ದ ಲಿಯೋನಿ ಬಾರ್ಕಸ್‌ಳ ಮೊಕದ್ದಮೆಗೆ ಒಬ್ಬ ರೇಷ್ಮೆಯವರು ಬೇಕೆಂದು, ಕಕ್ಷಿದಾರಳ ಪರ ಬ್ಯಾರಿಸ್ಟರರನ್ನು ಗೊತ್ತುಮಾಡುವ ಸಾಲಿಸಿಟರ್ ಫೋಲಾ ಅಡೆಯೆಮಿ ಕೇಳಿದಳು. ಗ್ಯಾಮನ್ ಡರ್ಮಟ್‌ನನ್ನು ಕೊಟ್ಟ.

ಲಿಯೋನಿ ಒಂದು ನಾಟಕಶಾಲೆಯಲ್ಲಿ ರಂಗದ ಕೆಳಗಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ. ನಟರನ್ನು ರಂಗದ ಮೇಲಕ್ಕೆತ್ತುವ ಲಿಫ್ಟಿನ ಹಲಗೆಯಡಿ ಏನೋ ಸಿಕ್ಕಿಕೊಂಡಿತೆಂದು, ಆಟ ನಡೆಯುತ್ತಿರುವಾಗಲೇ ಬಗ್ಗಿ ಒಳಗೆ ಹೋದಾಗ ಹಲಗೆ ಕಳಚಿ ಬೆನ್ನ ಮೇಲೆ ಬಿದ್ದಿತ್ತು. ಅಂದಿನಿಂದ ಸೊಂಟದ ಕೆಳಗೆ ಜೀವವಿಲ್ಲ. ಹಲಗೆ ಬೀಳದಂತೆ ತಡೆಯುವ ಕಬ್ಬಿಣದ ಗೂಟವನ್ನು ಅವಳು ಹಾಕಲೇ ಇಲ್ಲ, ತಪ್ಪು ಅವಳದೇ ಎಂದು ನಾಟಕಶಾಲೆಯವರು ವಾದಿಸುತ್ತಿದ್ದರು. ನನ್ನ ಕೈಯಾರೆ ಹಾಕಿದ್ದೆ ಎನ್ನುತ್ತಿದ್ದಳು ಲಿಯೋನಿ. ನೋಡಿದವರು ಯಾರೂ ಇರಲಿಲ್ಲ. ಆ ಗೂಟ ತಾನಾಗಿ ಕಳಚುವುದು ಅಸಾಧ್ಯವೆಂದು ಎದುರು ಕಡೆಯ ಇಂಜಿನಿಯರ್ ಡಾಕ್ಟರ್ ಸ್ಟರ್ಜೆಸ್ ವರದಿ ಬರೆದುಕೊಟ್ಟಿದ್ದ.

ಮೂರು ವರ್ಷ ಆ ಮೊಕದ್ದಮೆಯನ್ನು ಕಟ್ಟಿದವಳು ಹೆಸ್ಟರ್. ಅಪಘಾತವಾದ ಸ್ವಲ್ಪ ದಿನಕ್ಕೇ, ಆಟ ಮತ್ತೆ ಶುರುವಾದಾಗ, ತಾನೇ ಟಿಕೆಟ್ ಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತು ನೋಡಿ ಬಂದಿದ್ದಳು. ಯುದ್ಧದ ದೃಶ್ಯದಲ್ಲಿ ಇಡೀ ರಂಗ ಗರಗರನೆ ತಿರುಗುತ್ತ, ಅದರ ಮೇಲೆ ಸೈನಿಕರ ಬೂಟುಗಳು ಒಟ್ಟಾಗಿ ನೆಲ ಗುದ್ದುವಾಗ, ಅವಳು ಕಾಲ ಬಳಿ ಇಟ್ಟಿದ್ದ ವೈನಿನ ಲೋಟ ಪಕ್ಕದವನ ಬೂಟಿನವರೆಗೂ ತಾನಾಗಿ ಸರಿದುಹೋಗಿತ್ತು. ಲೋಟ ನಡೆಯುವುದಾದರೆ ಗೂಟ ಏಕೆ ನಡೆಯಬಾರದು? ಸ್ಟರ್ಜೆಸ್ ತನ್ನ ಪರೀಕ್ಷೆ ಮಾಡಿದ್ದು ಖಾಲಿ ನಾಟಕಶಾಲೆಯಲ್ಲಿ, ರಂಗ ನಿಂತಿರುವಾಗ. ತಮ್ಮ ಕಡೆಯ ಇಂಜಿನಿಯರನ ವರದಿಯಲ್ಲೂ ಅಲುಗಾಟದ ಬಗ್ಗೆ ಒಂದು ಸಾಲು ಬಂದುಹೋಗಿತ್ತು. ಆದರೆ ಅದರ ತೂಕ ತಿಳಿಯಬೇಕಿದ್ದರೆ ಆ ಆಟ ನೋಡಿರಬೇಕಿತ್ತು. ಈಗ ಆಟ ನಿಂತು, ರಂಗಸಜ್ಜೆಯನ್ನೆಲ್ಲ ಕಳಚಿ ಗುಜರಿಗೆ ಹಾಕಿಯಾಗಿತ್ತು. ವಕೀಲರ ಪೈಕಿ ನೋಡಿದವಳು ಇವಳೊಬ್ಬಳೇ.

ವಿಚಾರಣೆಯ ದಿನ ಸ್ಟರ್ಜೆಸ್‌ನ ಮುಂದೆ ಇದನ್ನು ತಾನೇ ಬಿಚ್ಚಬೇಕೆಂದು ಕಾದಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಡರ್ಮಟ್ ಬಂದ. ಒಂದೇ ವಾರದಲ್ಲಿ ಎಲ್ಲವನ್ನೂ ಓದಿ ಮುಗಿಸಿದ. ಲಿಯೋನಿಯ ಎದುರು ಕೂತ, ಅವಳ ಬೆಕ್ಕಿನ ಬಗ್ಗೆ ಕೇಳಿದ, ನಗಿಸಿದ. ಮೂರು ವರ್ಷದಲ್ಲಿ ಹೆಸ್ಟರ್‌ಗೆ ಲಿಯೋನಿ ಬೆಕ್ಕು ಸಾಕಿದ್ದಾಳೆಂದೇ ಗೊತ್ತಿರಲಿಲ್ಲ.

"ಎಷ್ಟು ಒಳ್ಳೇವ್ರು ಅಲ್ವಾ ಮಿಸ್ಟರ್ ಕ್ವೇಲ್?" ಎಂದಳು ಲಿಯೋನಿ, ಅವನು ಆಚೆ ಹೋದ ಮೇಲೆ. "ದೊಡ್ಡ ಲಾಯರ್ ಅಂತ ಒಂಚೂರೂ ಜಂಬ ಇಲ್ಲ."

"ಹೌದು, ಒಂಚೂರೂ ಇಲ್ಲ," ಎಂದಳು ಹೆಸ್ಟರ್.

ಡರ್ಮಟ್ ಅವಳನ್ನು ಕೇಳಿದ್ದ: "ಹೆಸ್ಟರ್, ಸ್ಟರ್ಜೆಸ್‌ನ ಹಿಡಿಯೋಕೆ ಏನಾದ್ರೂ ದಾರಿ ಕಾಣುತ್ತಾ ನಿಮಗೆ? ನನಗಂತೂ ಗೋಡೆ ಥರಾ ಕಾಣ್ತಾನೆ."

"ಎಲ್ಲಾ ಕಡತದಲ್ಲಿದೆಯಲ್ಲ," ಎಂದಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ. ರೇಷ್ಮೆಯವನು, ಅಪ್ರತಿಮ, ತಾನೇ ಹುಡುಕಿಕೊಳ್ಳಲಿ. ಹೀಗೆ ಅಂದುಕೊಂಡಾಗ ಅವಳಿಗೆ ಒಂದು ಬಗೆಯ ತಂಪು ಅನುಭವವಾಗಿತ್ತು.

ರಾಜಿ ಮಾತುಕತೆ ಫ್ಲೀಟ್ ಸ್ಟ್ರೀಟಿನ ಒಂದು ಬಾಡಿಗೆ ಕಚೇರಿಯಲ್ಲಿ ನಡೆಯಿತು. ಎರಡು ಕಡೆಯವರಿಗೂ ಬೇರೆಬೇರೆ ಕೋಣೆ, ನಡುವೆ ಒಂದು ಪಡಸಾಲೆ, ತಣ್ಣಗಾದ ಸ್ಯಾಂಡ್‌ವಿಚ್ಚುಗಳ ತಟ್ಟೆ. ಮಧ್ಯಾಹ್ನದ ಹೊತ್ತಿಗೆ ಎದುರು ಕಡೆಯವರು ಹೇಳಿ ಕಳಿಸಿದರು: ಅರ್ಧ ತಪ್ಪು ಲಿಯೋನಿಯದು ಎಂದು ಒಪ್ಪಿದರೆ ಉಳಿದರ್ಧ ನಾವು ಹೊರುತ್ತೇವೆ.

ಡರ್ಮಟ್ ಲಿಯೋನಿಯ ಎದುರಿಗೆ ಕುರ್ಚಿ ಎಳೆದುಕೊಂಡ. "ನೋಡು ಲಿಯೋನಿ, ನೀನು ಹೇಳೋದನ್ನ ನಾನು ನಂಬ್ತೀನಿ. ಆದ್ರೆ ಜಡ್ಜ್ ನಂಬಬೇಕಲ್ಲ. ಸ್ಟರ್ಜೆಸ್ ಗಟ್ಟಿಯಾಗಿ ನಿಂತುಬಿಟ್ರೆ ನಿನಗೆ ಏನೂ ಸಿಗಲ್ಲ. ಅರ್ಧ ಒಪ್ಕೊಳ್ಳೋದೇ ಕ್ಷೇಮ ಅಂತ ನನ್ನ ಸಲಹೆ."

ಲಿಯೋನಿ ತನ್ನ ಮೊಣಕಾಲುಗಳನ್ನು ನೋಡಿಕೊಂಡಳು. "ಅಂದ್ರೆ ನಾನು ಗೂಟ ಹಾಕಲಿಲ್ಲ ಅಂತ ಒಪ್ಕೊಂಡ ಹಾಗೆ ತಾನೇ?"

"ಕಾಗದದ ಮೇಲೆ ಮಾತ್ರ."

"ಸರಿ," ಎಂದಳು ಲಿಯೋನಿ, ಯಾರೋ ಕತ್ತು ಹಿಡಿದು ಆಡಿಸಿದಂತೆ. "ನೀವು ಹೇಳಿದ ಮೇಲೆ."

ಫೋಲಾ ಪೆನ್ನು ತೆಗೆದಳು. ಹೆಸ್ಟರ್ ಅಂದುಕೊಂಡಿದ್ದುದು ಡರ್ಮಟ್ ಕೋರ್ಟಿನಲ್ಲಿ ಎಲ್ಲರೆದುರು ತಡವರಿಸುತ್ತಾನೆ, ಆಗ ಹಿಂದಿನ ಸಾಲಿನಿಂದ ತಾನು ಒಂದು ಚೀಟಿ ದಾಟಿಸುತ್ತೇನೆ ಎಂದು. ಈ ಕೋಣೆಯಲ್ಲಿ, ಸ್ಯಾಂಡ್‌ವಿಚ್ಚುಗಳ ಪಕ್ಕದಲ್ಲಿ ಹುಡುಗಿಯ ಮಾನ ಮುಗಿದುಹೋಗುತ್ತದೆ ಎಂದು ಅವಳು ಲೆಕ್ಕ ಹಾಕಿರಲಿಲ್ಲ.

"ಒಪ್ಪಬೇಡ," ಎಂದಳು.

ಎಲ್ಲರೂ ತಿರುಗಿ ನೋಡಿದರು.

"ಒಪ್ಪಬೇಡ ಲಿಯೋನಿ. ಸ್ಟರ್ಜೆಸ್‌ನ ಬೀಳಿಸಬಹುದು. ಡರ್ಮಟ್, ಒಂದು ನಿಮಿಷ ಹೊರಗೆ ಬಾ."

ಪಡಸಾಲೆಯಲ್ಲಿ ನಿಂತು ಲೋಟದ ಕಥೆಯನ್ನೂ ಖಾಲಿ ನಾಟಕಶಾಲೆಯ ಪರೀಕ್ಷೆಯನ್ನೂ ಹೇಳಿ ಮುಗಿಸಿದಳು. ಡರ್ಮಟ್ ಗೋಡೆಗೊರಗಿ ಕೇಳಿಸಿಕೊಂಡ. ಅವನ ಮುಖ ಮೊದಲು ಅರಳಿತು, ಆಮೇಲೆ ನಿಧಾನವಾಗಿ ಬೇರೆಯಾಯಿತು.

"ಇದು ನಿಮಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ನಾನು ಕೇಳಿದಾಗಲೂ?"

ಅವಳು ಹೌದೆಂದು ತಲೆಯಾಡಿಸಿದಳು. ಡರ್ಮಟ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಿದ್ರೆ ಸ್ಟರ್ಜೆಸ್‌ನ ನೀವೇ ನೋಡ್ಕೊಳ್ಳಿ," ಎಂದ. "ಪ್ರಶ್ನೆ ನಿಮ್ದು. ನಾನು ಕೇಳಿದ್ರೆ ಕದ್ದ ಹಾಗಾಗುತ್ತೆ."

ಅಂದು ರಾಜಿಯಾಗಲಿಲ್ಲ. ಸೋತರೆ ತಪ್ಪನ್ನು ತನ್ನ ತಲೆಗೆ ಕಟ್ಟಲು ಡರ್ಮಟ್ ಹೂಡಿದ ಹಂಚಿಕೆ ಇದು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಹೆಸ್ಟರ್ ಯೋಚಿಸಿದಳು. ಇವನ ಒಳ್ಳೆಯತನದಲ್ಲಿ ಎಲ್ಲಾದರೂ ಒಂದು ಹುಳುಕು ಸಿಕ್ಕಿದ್ದರೆ ಸಾಕಿತ್ತು. ವಿಚಾರಣೆಯ ದಿನದವರೆಗೂ ಹುಡುಕಿದಳು, ಸಿಗಲಿಲ್ಲ.

ಸ್ಟರ್ಜೆಸ್ ಕಟಕಟೆಗೆ ಬಂದಾಗ ಡರ್ಮಟ್ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತ. ಎರಡನೆಯ ಸಾಲಿನಿಂದ ಹೆಸ್ಟರ್ ಎದ್ದು ನಿಂತಳು. ಜಡ್ಜ್ ಹುಬ್ಬೇರಿಸಿದರು.

"ಡಾಕ್ಟರ್ ಸ್ಟರ್ಜೆಸ್, ನೀವು ಪರೀಕ್ಷೆ ಮಾಡಿದಾಗ ರಂಗ ತಿರುಗ್ತಾ ಇತ್ತಾ?"

"ಇಲ್ಲ. ಅದರ ಅಗತ್ಯ ಇರಲಿಲ್ಲ."

"ಅದರ ಮೇಲೆ ಯಾರಾದ್ರೂ ಇದ್ರಾ?"

"ಇಲ್ಲ."

"ಆ ಆಟ ನೋಡಿದ್ದೀರಾ?"

ಸ್ಟರ್ಜೆಸ್ ನಕ್ಕ. "ನನಗೆ ಹಾಡಿನ ನಾಟಕ ಅಷ್ಟಾಗಿ ಹಿಡಿಸಲ್ಲ ಮೇಡಂ."

"ಯುದ್ಧದ ದೃಶ್ಯದಲ್ಲಿ ಎಷ್ಟು ಜನ ಬೂಟು ಗುದ್ದುತ್ತಿದ್ರು ಅನ್ನೋದು ಗೊತ್ತಾ?"

"ಗೊತ್ತಿಲ್ಲ."

"ಗೂಟ ಎಷ್ಟು ಅಲುಗಾಟ ತಡೆಯುತ್ತೆ ಅನ್ನೋದು?"

"ಅದನ್ನ... ಅದನ್ನ ಅಳತೆ ಮಾಡಿಲ್ಲ."

"ಅಂದ ಮೇಲೆ 'ಅಸಾಧ್ಯ' ಅನ್ನೋ ಪದ ನಿಮ್ಮ ವರದಿಯಲ್ಲಿ ಯಾಕಿದೆ?"

ಸ್ಟರ್ಜೆಸ್ ನೀರು ಕುಡಿದ. ಮತ್ತೂ ಒಂದು ಗಂಟೆ ಅವಳು ಅವನನ್ನು ಬಿಡಲಿಲ್ಲ. ದನಿ ಏರಿಸಲೂ ಇಲ್ಲ. ಕೊನೆಗೆ ಅವನು, ರಂಗ ತಿರುಗುವಾಗ ಗೂಟ ಮೇಲೆದ್ದು ಬರುವುದು ಸಾಧ್ಯ, ಬಹುಶಃ ಸಂಭವವೂ ಹೌದು ಎಂದು ಒಪ್ಪಿಕೊಂಡ. ಅವಳು ಕೂತಾಗ ಡರ್ಮಟ್ ತಿರುಗಿ ನೋಡಲಿಲ್ಲ. ಆದರೆ ಅವನ ಕಿವಿ ಕೆಂಪಾಗಿತ್ತು. ಹೆಸ್ಟರ್‌ಗೆ ಅದನ್ನು ಕಂಡು ಆದಷ್ಟು ಸಂತೋಷ ಇಡೀ ವೃತ್ತಿಯಲ್ಲಿ ಆಗಿರಲಿಲ್ಲ.

ಲಿಯೋನಿ ಪೂರ್ತಿ ಗೆದ್ದಳು. ತೀರ್ಪಿನಲ್ಲಿ ಜಡ್ಜ್ ಅವಳನ್ನು ಸತ್ಯವಂತೆ ಎಂದು ಕರೆದರು.

ಹೊರಗೆ, ಸ್ಟ್ರ್ಯಾಂಡ್ ರಸ್ತೆಗೆ ತೆರೆಯುವ ಕೋರ್ಟಿನ ಕಮಾನಿನ ಕೆಳಗೆ ಫೋಲಾ ಟ್ಯಾಕ್ಸಿ ಹುಡುಕಲು ಹೋದಾಗ ಹೆಸ್ಟರ್ ಮತ್ತು ಲಿಯೋನಿ ಇಬ್ಬರೇ ಉಳಿದರು. ಹೆಸ್ಟರ್ ಕಲ್ಲಿನ ಕಟ್ಟೆಯ ಮೇಲೆ ಕೂತಳು. ಲಿಯೋನಿ ಅವಳ ಕೈ ಹಿಡಿದುಕೊಂಡು ಅತ್ತಳು, ನಕ್ಕಳು.

"ನೀವು ಆವತ್ತು ಬಾಯಿ ಬಿಡದೇ ಇದ್ದಿದ್ರೆ ನಾನು ಸಹಿ ಹಾಕೇಬಿಡ್ತಿದ್ದೆ. ಅಲ್ಲಾ ಮಿಸ್ ಪ್ಯಾಸ್ಕೋ, ನಿಮಗೆ ಇದು ಹೊಳೆದಿದ್ದು ಯಾವಾಗ?"

ಅಂದು ಬೆಳಿಗ್ಗೆಯೇ ಎನ್ನಬಹುದಿತ್ತು. ಆದರೆ ಒಳಗೆ ಈಗತಾನೇ ಈ ಹುಡುಗಿಗೆ ಸತ್ಯವಂತೆ ಎಂದಿದ್ದರು.

"ಶುರುವಿನಲ್ಲೇ. ನಾಟಕ ನೋಡಿದಾಗ."

"ಮತ್ತೆ ಮಿಸ್ಟರ್ ಕ್ವೇಲ್‌ಗೆ ಯಾಕೆ ಹೇಳಿರಲಿಲ್ಲ?"

"ಅವನ ಮೇಲೆ ಹೊಟ್ಟೆಕಿಚ್ಚು ಇತ್ತು."

ಲಿಯೋನಿ ಕೈ ಬಿಟ್ಟಳು. ಜೋರಾಗಿ ಬಿಡಲಿಲ್ಲ, ಬಿಸಿ ಪಾತ್ರೆಯನ್ನು ಕೆಳಗಿಟ್ಟ ಹಾಗೆ ಬಿಟ್ಟಳು.

"ನಾನು ಸಹಿ ಹಾಕೋ ತನಕ ನೋಡ್ತಾ ಕೂತಿದ್ರಿ."

"ಹಾಕೋಕೆ ಬಿಡಲಿಲ್ಲ."

"ಪೆನ್ನು ತೆಗೆದಾಗಿತ್ತು," ಎಂದಳು ಲಿಯೋನಿ. "ನನ್ನ ಕಾಲುಗಳನ್ನ ಪಣಕ್ಕಿಟ್ಟು ನೀವಿಬ್ರೂ ಆಟ ಆಡಿದ್ರಾ?"

"ಅವನು ಆಡಲಿಲ್ಲ. ನಾನು."

ಟ್ಯಾಕ್ಸಿ ಬಂತು. ಚಾಲಕ ಇಳಿಜಾರು ಹಲಗೆ ಹಾಕಿದ. ಹೆಸ್ಟರ್ ಕುರ್ಚಿಗೆ ಕೈಕೊಡಲು ಹೋದಳು. "ಬೇಡ, ನನಗೆ ಬರುತ್ತೆ," ಎಂದು ಲಿಯೋನಿ ತಾನೇ ಗಾಲಿ ತಳ್ಳಿಕೊಂಡು ಹತ್ತಿದಳು.

ಚೇಂಬರಿನಲ್ಲಿ ಗ್ಯಾಮನ್ ಶಾಂಪೇನ್ ತೆಗೆದಿದ್ದ. ಡರ್ಮಟ್ ಬಂದವರಿಗೆಲ್ಲ ಸ್ಟರ್ಜೆಸ್‌ನ ಕಥೆ ಹೇಳುತ್ತಿದ್ದ, ತಾನು ಕೈಕಟ್ಟಿ ಕೂತಿದ್ದೆ ಎಂಬುದನ್ನೂ ಸೇರಿಸಿ. ಹೆಸ್ಟರ್ ಬಂದಾಗ ಕಿಟಕಿಯ ಬಳಿಗೆ ಕರೆದ.

"ಈ ವರ್ಷ ರೇಷ್ಮೆಗೆ ಅರ್ಜಿ ಹಾಕಿ. ನಿಮ್ಮ ಪರ ನಾನು ಬರೀತೀನಿ."

"ನೀನು ಬರೆದು ನನಗೆ ಸಿಕ್ಕಿತು ಅಂತಿಟ್ಕೋ. ಬದುಕಿರೋವರೆಗೂ ನಿನ್ನನ್ನ ದ್ವೇಷಿಸ್ತೀನಿ."

"ಈಗ ದ್ವೇಷಿಸಲ್ವಾ?"

"ಈಗ ಬರೀ ಹೊಟ್ಟೆಯುರಿ."

ಡರ್ಮಟ್ ಗಟ್ಟಿಯಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ಅದು ನನಗೆ ಗೊತ್ತಿತ್ತು. ಲಿಯೋನಿಯ ಹೆಗಲ ಮೇಲೆ ಅದನ್ನ ಹೊರಿಸ್ತೀರಿ ಅಂತ ಮಾತ್ರ ಗೊತ್ತಿರಲಿಲ್ಲ," ಎಂದ. ಇಬ್ಬರೂ ಕೆಳಗಿನ ಹುಲ್ಲುಹಾಸನ್ನು ನೋಡುತ್ತ ನಿಂತರು.

ಹೆಸ್ಟರ್ ಅರ್ಜಿ ಹಾಕಿದಳು, ಅವನ ಹೆಸರು ಕೊಡದೆ. ಸ್ಟರ್ಜೆಸ್‌ನ ಪಾಟೀಸವಾಲನ್ನು ಕೇಳಿದ್ದ ಜಡ್ಜ್ ಅವಳ ಪರ ಬರೆದರು. ಮುಂದಿನ ವಸಂತದಲ್ಲಿ ಅವಳು ವೆಸ್ಟ್‌ಮಿನ್‌ಸ್ಟರಿನ ಹಳೆಯ ಸಭಾಂಗಣದಲ್ಲಿ, ಭುಜದವರೆಗೆ ಇಳಿಬಿದ್ದ ಕೂದಲಿನ ಟೋಪನ್ನೂ ಕಪ್ಪು ಕಾಲುಚೀಲವನ್ನೂ ತೊಟ್ಟು, ತನಗಿಂತ ಚಿಕ್ಕವರ ಸಾಲಿನಲ್ಲಿ ನಿಂತಳು. ಲಿಯೋನಿಗೂ ಆಹ್ವಾನ ಕಳಿಸಿದ್ದಳು. ಲಿಯೋನಿ ಬರಲಿಲ್ಲ. ಗಾಲಿಕುರ್ಚಿಗೆಂದು ಬಿಡಿಸಿಟ್ಟಿದ್ದ ಜಾಗದಲ್ಲಿ ಯಾರದೋ ಅಜ್ಜಿ ಕೈಚೀಲ ಇಟ್ಟುಕೊಂಡಿದ್ದಳು.

ಡರ್ಮಟ್ ಬಂದಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಹೊರಗೆ ಬಂದಾಗ ಅವಳ ಕಿವಿಯ ಬಳಿ ಬಗ್ಗಿ, "ಇನ್ನೂ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು. ನನ್ನ ಹೈಕೋರ್ಟ್ ಜಡ್ಜ್ ಮಾಡ್ತಾರಂತೆ," ಎಂದ.

ಹೆಸ್ಟರ್ ಹೊಸ ಗೌನಿನ ತೋಳು ಸರಿಪಡಿಸಿಕೊಂಡಳು.

"ಮೊದಲೇ ಹೇಳಿಬಿಡ್ತೀನಿ," ಎಂದಳು. "ನನಗೆ ಸಹಿಸೋಕೆ ಆಗ್ತಾ ಇಲ್ಲ. ಒಂದು ವಾರ ನನ್ನ ಕಣ್ಣಿಗೆ ಬೀಳಬೇಡ."

"ಒಂದು ವಾರ ಸಾಕಾ?"

"ನೋಡೋಣ," ಎಂದು ಹೆಸ್ಟರ್ ಬಸ್ ನಿಲ್ದಾಣದ ಕಡೆ ನಡೆದಳು.