ಬ್ಲೀಚು ಕುಡಿದ ತೊಟ್ಟಿ

ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಬಾಯ್ಲರು ನೋಡಿಕೊಳ್ಳುವವನನ್ನು ಎಲ್ಲರೂ ಹಬೆಯಜ್ಜ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಬಾಯ್ಲರಿನ ಮುಂದೆ ನಿಂತ ಮನುಷ್ಯ. ಅಕ್ಷರ ಕೂಡಿಸಿಕೊಂಡು ಓದುವಷ್ಟೇ ಅವನ ಓದು. ಆದರೆ ಚಿಮಣಿಯ ಹೊಗೆ ಓದುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಪ್ಪಗೆ ಬಂದರೆ ಗಾಳಿ ಸಾಲದು, ಬೆಳ್ಳಗೆ ಬಂದರೆ ಎಣ್ಣೆಗೆ ನೀರು ಸೇರಿದೆ, ತೆಳ್ಳಗೆ ಕಂದು ಬಂದರೆ ಎಲ್ಲ ಸರಿಯಿದೆ, ಹೋಗಿ ಟೀ ಕುಡಿ.

ಅದೇ ಹೊಗೆ ಮಹಡಿಯ ಕಿಟಕಿಗೂ ನುಗ್ಗುತ್ತಿತ್ತು. ಅಲ್ಲಿ ಅವನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಕಿಟಕಿ ಮುಚ್ಚಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದರೂ ಮಸಿ ಹೇಗೋ ಒಳಗೆ ಬರುತ್ತಿತ್ತು. ಹಾಸಿನ ಮೇಲೆ ಕೂತ ಮಸಿಯನ್ನು ಮತ್ತೆ ಒಗೆಯಬಹುದು, ಎದೆಯಲ್ಲಿ ಕೂತದ್ದನ್ನು ಒಗೆಯುವ ಮಿಷನ್ನು ಲಾಂಡ್ರಿಯಲ್ಲಿರಲಿಲ್ಲ. ಬರಬರುತ್ತಾ ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವಂತಾದಳು. ಹೊಗೆಯಿಂದ ದೂರ ಇರಿ ಅಂದರು ಡಾಕ್ಟರು. "ಹೊಗೆಯನ್ನೇ ಕಟ್ಟಿಕೊಂಡವಳು ಇನ್ನೆಲ್ಲಿಗೆ ದೂರ ಹೋಗ್ಲಿ" ಅಂತ ಅವಳು ನಕ್ಕಳು. ಹಬೆಯಜ್ಜನಿಗೆ ನಗು ಬರಲಿಲ್ಲ.

ಹೆಂಡತಿಯ ತಮ್ಮನ ಮಗಳೊಬ್ಬಳಿದ್ದಳು. ಕಣ್ಣಿಗೆ ಕಾಣದ ಜೀವಿಗಳ ವಿಷಯ ಓದಿಕೊಂಡವಳು. ಮನೆಯವರು ಹುಳದ ಡಾಕ್ಟರು ಅಂತ ಕಿಚಾಯಿಸುತ್ತಿದ್ದರು. ಅತ್ತೆಯ ಉಬ್ಬಸ ಕೇಳಿ ಹೋದವಳು, ಎಣ್ಣೆ ಬಿಟ್ಟು ಕೊಳೆತ ತರಕಾರಿಯ ಗ್ಯಾಸಿನಲ್ಲಿ ಬಾಯ್ಲರು ಉರಿಸೋಣ ಅಂತ ಮುಂದಿನ ವಾರ ಲಾಂಡ್ರಿ ಯಜಮಾನರ ಮುಂದೆ ಬಂದು ಕೂತಳು. ಮೂರು ಸಲ ಬಂದಳು. ಮೂರನೇ ಸಲ ಅವರು ಒಪ್ಪಿದರು. ಎಣ್ಣೆಯ ಬರ್ನರು ಹಾಗೇ ಇರಲಿ, ಪಕ್ಕದಲ್ಲಿ ನಿಮ್ಮ ಗ್ಯಾಸು ಕೂರಿಸಿ, ಬೆಳಗ್ಗೆ ಎಂಟಕ್ಕೆ ಹಬೆ ಬರದಿದ್ದರೆ ಮತ್ತೆ ಎಣ್ಣೆಯೇ ಗತಿ ಅಂದರು.

ಹಿತ್ತಲಲ್ಲಿ ಎರಡಾಳೆತ್ತರದ ಮುಚ್ಚಿದ ತೊಟ್ಟಿ ಎದ್ದಿತು. ಮಾರುಕಟ್ಟೆಯ ಕೊಳೆತ ತರಕಾರಿಯನ್ನು ಗಾಡಿಯಲ್ಲಿ ತಂದು ಸುರಿಯುವ ಹೆಂಗಸಿಗೆ ಸಿಪ್ಪೆಯಕ್ಕ ಅಂತ ಹೆಸರಾಯಿತು. ಒಳಗಿನ ಜೀವಿಗಳು ತಿಂದು ಗ್ಯಾಸು ಬಿಡುತ್ತವೆ, ಆ ಗ್ಯಾಸಿನಿಂದ ಬಾಯ್ಲರು ಉರಿಯುತ್ತದೆ. ಹುಡುಗಿ ದಿನಾ ಬಂದು ತೊಟ್ಟಿಯ ಮೈ ಮುಟ್ಟಿ, ಬಾಯಿಯ ಹತ್ತಿರ ಮೂಸಿ, ನಿಂಬೆ ಸಿಪ್ಪೆ ಜಾಸ್ತಿ ಹಾಕಬೇಡ ಅಕ್ಕಾ, ಇವಕ್ಕೂ ಹೊಟ್ಟೆ ಹುಳಿಯಾಗುತ್ತೆ ಅನ್ನುವಳು. ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಾಳಲ್ಲ ಅಂತ ಹಬೆಯಜ್ಜ ಒಳಗೊಳಗೇ ಬೆರಗಾದ.

ಮೊದಲ ದಿನ ಉರಿ ನೀಲಿಯಾಗಿ ಎದ್ದಿತು. ಅವನು ಅಭ್ಯಾಸಬಲದಿಂದ ಹೊರಗೆ ಹೋಗಿ ಚಿಮಣಿ ನೋಡಿದ. ಓದುವುದಕ್ಕೇನೂ ಇರಲಿಲ್ಲ, ಬರೀ ಆಕಾಶ. ಗೋಡೆಯಾಚೆಯ ದರ್ಜಿ ಕತ್ತೆತ್ತಿ, "ಏನಜ್ಜ, ಇವತ್ತು ರಜಾನಾ?" ಅಂತ ಕೇಳಿದ. ಅಂದಿನಿಂದ ಹಬೆಯಜ್ಜ ಉರಿಯನ್ನು ಕಿವಿಯಿಂದ ಓದುವುದು ಕಲಿತ. ಒಂದು ತಿಂಗಳಲ್ಲಿ ಹೆಂಡತಿ ಆರು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದಳು. ಅವನು ಕೆಳಗೆ ನಿಂತು ಎಣಿಸಿದ್ದ.

ಆಮೇಲೆ ಹುಡುಗಿ ಮೂರು ದಿನ ಬೇರೆ ಊರಿಗೆ, ಇನ್ನೊಂದು ತೊಟ್ಟಿ ನೋಡಲು ಹೋದಳು. ಅದೇ ಹೊತ್ತಿಗೆ ಆಸ್ಪತ್ರೆಯವರು ಲಾಂಡ್ರಿ ನೋಡಲು ಬರುತ್ತಾರೆ ಅಂತ ಸುದ್ದಿ. ಸಿಪ್ಪೆ ಸುರಿಯುವ ತೊಟ್ಟಿಯ ಬಾಯಿ ಲೋಳೆ ಹಿಡಿದು ನಾರುತ್ತಿತ್ತು. ಲಾಂಡ್ರಿಯವರಿಗೆ ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಹಬೆಯಜ್ಜ ಅಂಗಿಯ ತೋಳು ಮಡಿಸಿ, ಒಂದು ಕ್ಯಾನು ಬ್ಲೀಚು ಸುರಿದು, ಬ್ರಷ್ಷಿನಲ್ಲಿ ಗಸಗಸ ಉಜ್ಜಿ, ನೀರು ಬಿಟ್ಟು ಎಲ್ಲವನ್ನೂ ಒಳಗೆ ತಳ್ಳಿದ. ಬಾಯಿ ತಟ್ಟೆಯ ಹಾಗೆ ಹೊಳೆಯಿತು. ಬಂದವರು ಹೊಗಳಿಯೂ ಹೋದರು.

ಮೂರನೇ ಬೆಳಗ್ಗೆ ಉರಿಯ ದನಿ ಬದಲಾಯಿತು. ತೊದಲಿತು, ಬಿಕ್ಕಿತು, ಎಂಟು ಗಂಟೆಗೆ ಆರಿಯೇಹೋಯಿತು. ಯಜಮಾನರು ಮಾತಿಗೆ ತಪ್ಪದೆ ಎಣ್ಣೆ ಹೊತ್ತಿಸಿದರು. ಮಹಡಿಯಲ್ಲಿ ಕೆಮ್ಮು ಶುರುವಾಯಿತು.

ಓಡಿಬಂದ ಹುಡುಗಿ ತೊಟ್ಟಿಯ ನೀರು ತೆಗೆದು ಮೂಸಿ ಮುಖ ಸಪ್ಪಗೆ ಮಾಡಿದಳು. ಯಜಮಾನರು ಸಿಪ್ಪೆಯಕ್ಕನ ಕಡೆ ತಿರುಗಿ, ಏನು ವಿಷ ಹಾಕಿದೆಯಮ್ಮಾ, ನಾಳೆಯಿಂದ ಬರಬೇಡ ಅಂದರು. ಅವಳು ಗಾಡಿಯ ಹಿಡಿ ಹಿಡಿದು ಹಿಂದಕ್ಕೆ ತಿರುಗಿಸತೊಡಗಿದಳು. ಹಬೆಯಜ್ಜನಿಗೆ ಆಗ ತಲೆಯಲ್ಲಿ ಮಿಂಚು ಹೊಡೆದಂತಾಯಿತು. ಬ್ಲೀಚು ಆಸ್ಪತ್ರೆಯ ಬಟ್ಟೆಯಲ್ಲಿ ಏನನ್ನು ಕೊಲ್ಲುತ್ತದೆ ಅಂತ ಮೂವತ್ತೊಂದು ವರ್ಷದಿಂದ ಗೊತ್ತಿದ್ದವನು ಅವನು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅವಳದೇನೂ ತಪ್ಪಿಲ್ಲ. ನಾನು ತೊಟ್ಟಿಯ ಬಾಯಿ ತೊಳೆದೆ, ಬ್ಲೀಚು ಹಾಕಿ."

"ಎಷ್ಟು, ಮಾವ?"

"ಒಂದು ಕ್ಯಾನು. ಪೂರ್ತಿ."

ಹುಡುಗಿ ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ" ಅಂತ ಸಿಪ್ಪೆಯಕ್ಕ ಗೊಣಗಿದಳು.

"ಬದುಕ್ತಾವೆ ಅಕ್ಕಾ. ತಳದಲ್ಲಿ ಒಂದಷ್ಟು ಉಳಿದಿರ್ತವೆ" ಅಂದಳು ಹುಡುಗಿ. "ಮಾವ, ನೀವು ಹೇಳದೆ ಹೋಗಿದ್ರೆ ಹಸಿವು ಅಂತ ಇನ್ನೂ ಸಿಪ್ಪೆ ಸುರಿದು ನಾನೇ ಪೂರ್ತಿ ಕೊಂದುಬಿಡ್ತಿದ್ದೆ."

ಯಜಮಾನರು ಹತ್ತು ದಿನ ಕೊಟ್ಟರು. ಹನ್ನೊಂದನೇ ದಿನ ತೊಟ್ಟಿ ಕಿತ್ತುಹಾಕುವುದು ಅಂತ ಮಾತಾಯಿತು.

ತೊಟ್ಟಿಗೆ ಉಪವಾಸ ಹಾಕಿದರು. ಹುಳಿ ಮುರಿಯಲು ಅಳತೆಯಿಂದ ಸೋಡಾ ಬಿಟ್ಟರು. ಅರ್ಧ ನೀರು ತೆಗೆದು, ಚೆನ್ನಾಗಿರುವ ಇನ್ನೊಂದು ತೊಟ್ಟಿಯಿಂದ ಜೀವವಿರುವ ಬಗ್ಗಡವನ್ನು ಸಿಪ್ಪೆಯಕ್ಕನ ಗಾಡಿಯಲ್ಲೇ ಹೇರಿ ತಂದು ತುಂಬಿದರು. ಇನ್ನು ಬೇಕಾದದ್ದು ಹದವಾದ ಬಿಸಿ. ತಣ್ಣಗಾದರೆ ಮಲಗುತ್ತವೆ, ಸುಟ್ಟರೆ ಸಾಯುತ್ತವೆ. ಅದು ಹಬೆಯಜ್ಜನ ವಿದ್ಯೆ. ಬಾಯ್ಲರಿನ ಬಿಸಿನೀರನ್ನು ಕೊಳವೆಯಲ್ಲಿ ತೊಟ್ಟಿಯ ಸುತ್ತ ಹರಿಸಿ, ಕೂಸಿಗೆ ನೀರು ಹುಯ್ಯುವ ಮುಂಚೆ ತಾಯಿ ನೋಡುವ ಹಾಗೆ, ಸುತ್ತಿ ಹೊರಬಂದ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದ. ಹುಡುಗಿ ಥರ್ಮಾಮೀಟರು ಹಿಡಿದು ನೋಡಿ, ಮೊಣಕೈ ಸರಿಯಿದೆ ಮಾವ ಅನ್ನುವಳು. ನಾಲ್ಕನೇ ದಿನದಿಂದ ಅವಳು ಥರ್ಮಾಮೀಟರನ್ನು ಚೀಲದಿಂದ ತೆಗೆಯಲೇ ಇಲ್ಲ.

ಒಂಬತ್ತು ದಿನ ಏನೂ ಇಲ್ಲ. ಮಹಡಿಯ ಕೆಮ್ಮು ಮಾತ್ರ ಕೇಳುತ್ತಿತ್ತು.

ಹತ್ತನೇ ಬೆಳಗ್ಗೆ ಹಬೆಯಜ್ಜ ಗ್ಯಾಸಿನ ಕೊಳವೆಗೆ ಕಿವಿಯಿಟ್ಟ. ಬುಳ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬುಳ್. ಆಮೇಲೆ ಎಡೆಬಿಡದೆ, ಅನ್ನ ಕುದಿಯುವ ಹಾಗೆ. ಅವನು ಹುಡುಗಿಯನ್ನು ಕರೆಯಲಿಲ್ಲ, ಕೈ ಸನ್ನೆ ಮಾಡಿದ. ಅವಳೂ ಕಿವಿಯಿಟ್ಟು ಕಣ್ಣು ಮುಚ್ಚಿಕೊಂಡಳು. ಎಣ್ಣೆ ನಿಲ್ಲಿಸಿ ಗ್ಯಾಸು ಹೊತ್ತಿಸಿದರು. ಯಜಮಾನರು ಗಡಿಯಾರ ನೋಡುತ್ತಾ ನಿಂತಿದ್ದಂತೆ, ಎಂಟಕ್ಕೆ ಐದು ನಿಮಿಷವಿರುವಾಗ ಬಾಯ್ಲರಿನ ಒತ್ತಡದ ಮುಳ್ಳು ಏರಿ ಹಬೆ ಬಂತು. ಅವರು ಸಿಪ್ಪೆಯಕ್ಕನ ಕಡೆ ನೋಡಿ, ನಾಳೆ ಸ್ವಲ್ಪ ಬೇಗ ಬಾರಮ್ಮ ಅಂದರು.

ಹಬೆಯಜ್ಜ ಬ್ಲೀಚಿನ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಹುಡುಗಿಯ ಕೈಗಿಟ್ಟ. ನೀವೇ ಇಟ್ಕೊಳ್ಳಿ ಮಾವ, ನಿಮ್ಮಷ್ಟು ಹೆದರಿದವರು ಇಲ್ಲಿ ಇನ್ಯಾರಿದ್ದಾರೆ ಅಂತ ಅವಳು ವಾಪಸು ಕೊಟ್ಟಳು.

ಗೋಡೆಯಾಚೆಯಿಂದ ದರ್ಜಿ ಕೂಗಿದ, "ಏನಜ್ಜ, ಮತ್ತೆ ರಜಾನಾ?"

ಹಬೆಯಜ್ಜ ಬಾಯಿ ತೆಗೆಯುವ ಮುಂಚೆ ಮೇಲೆ ಏನೋ ಕಿರುಗುಟ್ಟಿತು. ಸಂದಿಯ ಒದ್ದೆ ಬಟ್ಟೆಗಳು ಒಂದೊಂದಾಗಿ ಕೆಳಗೆ ಬಿದ್ದವು. ಕಿಟಕಿ ತೆರೆದು ಅವನ ಹೆಂಡತಿ ತಲೆ ಹೊರಗೆ ಹಾಕಿದಳು.

"ರಜಾ ಅಲ್ಲಪ್ಪಾ" ಅಂದಳು, ನಡುವೆ ಎಲ್ಲೂ ಉಸಿರು ಕಡಿಯದೆ. "ಕೆಲಸ ನಡೀತಾ ಇದೆ."