ಮಾತಾಡಬಾರದ ಗೊಂಬೆಗಳು

ಕಳಸದ ಬಸವಪ್ರಸಾದರು ಜರ್ಮನಿಗೆ ಹೋಗಿ ಬಂದ ಮೇಲೆ ತುಕ್ಕನ್ನು ಪ್ರೀತಿಸತೊಡಗಿದರು. ಅಲ್ಲಿನ ಕಲ್ಲಿದ್ದಲಿನ ಊರೊಂದರಲ್ಲಿ ಮುಚ್ಚಿದ ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿದ್ದಾರಂತೆ, ಕುಲುಮೆಯೊಳಗೆ ಕೂತು ಜನ ಕೇಕು ತಿನ್ನುತ್ತಾರಂತೆ. ಬಾಗಿಲು ಹಾಕಿದ್ದ ತಮ್ಮ ಕಾಫಿ ಕ್ಯೂರಿಂಗ್ ವರ್ಕ್ಸನ್ನೂ, ಬೀಜ ಹಸನು ಮಾಡುತ್ತಿದ್ದ ಆ ಶೆಡ್ಡನ್ನು, ಹಾಗೇ ಮಾಡಲು ಹೊರಟರು. ಗುಡಿಸಲು ಬಂದ ತಂಗಮ್ಮನ ಕೈಯಿಂದ ಪೊರಕೆ ಕಿತ್ತುಕೊಂಡು, "ಧೂಳು ಮುಟ್ಬೇಡ, ಅದು ಇತಿಹಾಸ" ಎಂದರು.

ಪೊರಕೆ ಹೋದದ್ದಕ್ಕೆ ತಂಗಮ್ಮನಿಗೆ ಬೇಸರವಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಶೆಡ್ಡಿನ ಕಿಟಕಿ ಪಕ್ಕ ಕೂತು ಕಾಫಿಬೀಜ ಆರಿಸಿದವಳು ಅವಳು. ಇಂದಲ್ಲ ನಾಳೆ ಬಾಗಿಲು ತೆಗೆಯುತ್ತಾರೆ, ಮತ್ತೆ ಕೆಲಸ ಸಿಗುತ್ತದೆ ಎಂದು ಕಾದಿದ್ದಳು. ಮ್ಯೂಸಿಯಂ ಆಯಿತೆಂದರೆ ಆ ಆಸೆಗೆ ಎಳ್ಳುನೀರು ಬಿಟ್ಟಂತೆಯೇ. ಸಾಲದ್ದಕ್ಕೆ ಅವಳ ಜಾಗದಲ್ಲಿ ಗೊಂಬೆ ಕೂರಿಸುತ್ತಾರಂತೆ. ಕೇಳಿ ಅವಳ ಹೊಟ್ಟೆ ಉರಿದುಹೋಯಿತು.

ಗೊಂಬೆಗಳು ಬಂದವು. ಸೀರೆ ಅಂಗಡಿಯವು, ಬೆಳ್ಳಗೆ ತೆಳ್ಳಗೆ ಇದ್ದವು. ಬೀಜ ಆರಿಸುವವರು ನೆಲದ ಮೇಲೆ ಕೂರಬೇಕು, ಇವಕ್ಕೋ ಮಂಡಿ ಮಡಚಲು ಬಾರದು. ಬಗ್ಗಿಸಲು ಹೋದ ಬಸವಪ್ರಸಾದರ ಕೈಗೆ ಒಂದರ ಕಾಲೇ ಕಿತ್ತು ಬಂತು. ಮಾರನೆಯ ದಿನವೇ ಆ ಜರ್ಮನ್ ಊರಿನ ಮ್ಯೂಸಿಯಂ ನಡೆಸುವ ಮೇಡಂ ಇದನ್ನು ನೋಡಲು ಬರುವವರಿದ್ದರು.

"ನಾವೇ ಗೊಂಬೆ ಆಗ್ತೀವಿ ಬಿಡಿ ಸಾಹುಕಾರ್ರೇ" ಎಂದಳು ತಂಗಮ್ಮ, ಬಲು ವಿನಯದಿಂದ. "ನಮ್ ಮಂಡಿ ನೋಯುತ್ತೆ, ಆದ್ರೂ ಮಡಚುತ್ತೆ."

"ಮಾತಾಡ್ಬಾರ್ದು, ಅಲ್ಲಾಡ್ಬಾರ್ದು."

"ಗೊಂಬೆ ಯಾಕೆ ಮಾತಾಡುತ್ತೆ?"

ಮರುದಿನ ತಂಗಮ್ಮ ಗೆಳತಿಯರೊಂದಿಗೆ ಸಾಲಾಗಿ ಕೂತಳು. ಮುಂದೆ ಒಂದು ಮೂಟೆ ಬೀಜ ಸುರಿದಿದ್ದರು. ಕೈ ಸುಮ್ಮನಿರಬೇಕಲ್ಲ, ಕಾರು ಬರುವಷ್ಟರಲ್ಲಿ ಕಪ್ಪು ಬೀಜ ಒಂದು ಕಡೆ, ಒಳ್ಳೆಯದು ಒಂದು ಕಡೆ ರಾಶಿಯಾಗಿತ್ತು. ಮೇಡಂ ಬಂದರು, ಕಲ್ಲಾಗಿ ಕೂತ ಗೊಂಬೆಗಳನ್ನು ಕಣ್ಣರಳಿಸಿ ನೋಡಿದರು. ಆಮೇಲೆ ಬೀಜವೂ ಬರೀ ಪ್ರದರ್ಶನಕ್ಕೆಂದುಕೊಂಡು, ಬಗ್ಗಿ ಒಂದು ಹಿಡಿ ಕಪ್ಪು ಬೀಜ ತೆಗೆದು ಒಳ್ಳೆಯ ರಾಶಿಯ ಮೇಲೆ ಮಳೆಯಂತೆ ಸುರಿಸಿದರು.

ಆರಿಸಿದ ರಾಶಿ ಕೆಡಿಸಿದರೆ ಧಣಿಯನ್ನೂ ಬೈಯುವುದು ಆ ಶೆಡ್ಡಿನ ರೂಢಿ.

"ಬೆರೆಸ್ಬೇಡ ಮಾರಾಯ್ತಿ" ಎಂದು ತಂಗಮ್ಮನೆಂಬ ಗೊಂಬೆ ಮೇಡಮ್ಮನ ಮಣಿಕಟ್ಟು ಹಿಡಿಯಿತು.

ಮೇಡಂ ಬೆಚ್ಚಿ ರಾಶಿಯ ಮೇಲೇ ಕುಸಿದು ಕೂತರು. ಉಳಿದ ಗೊಂಬೆಗಳು ಸೆರಗು ಬಾಯಿಗೆ ಹಿಡಿದವು. ಬಸವಪ್ರಸಾದರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಮೇಡಂ ಕೂತಲ್ಲೇ ನಕ್ಕರು, ನಗು ನಿಂತ ಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿ ಏನೋ ಕೇಳಿದರು, ಬಸವಪ್ರಸಾದರೂ ಏನೋ ಉತ್ತರ ಕೊಟ್ಟರು.

"ಏನಂತೆ?" ತಂಗಮ್ಮ ಕೇಳಿದಳು.

"ಅವ್ರ ಊರಲ್ಲಿ ಕಾರ್ಖಾನೆ ಚಂದ ಆಯ್ತಂತೆ. ದುಡಿದವ್ರು ಮಾತ್ರ ಆ ಕಡೆ ತಲೆ ಹಾಕಲ್ವಂತೆ." ಬಸವಪ್ರಸಾದರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. "ನಿಮ್ಗೆ ಇಲ್ಲಿ ದಿನಾ ಕೆಲಸ ಇದ್ಯಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಇದೆ ಅಂದೆ."

ತಂಗಮ್ಮ ಬೆರೆತ ಬೀಜವನ್ನು ಮೊರಕ್ಕೆ ತುಂಬಿ ಮೇಡಂ ಮುಂದೆ ತಳ್ಳಿದಳು.

"ಹಂಗಾದ್ರೆ ನಾಳೆನೂ ಬನ್ನಿ ಅಂತ ಹೇಳಿ ಸಾಹುಕಾರ್ರೇ" ಎಂದಳು. "ಮೂಟೆ ಎಷ್ಟೊತ್ತಿಗೆ ತರಿಸ್ತೀರಿ, ಅದನ್ನೂ ಹೇಳಿ."